ಓದುವ ಸರದಿ

ಮೇಯೋ ಹಾಲಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಇಪ್ಪತ್ತಾರು ವರ್ಷ ಕೂತ ಸ್ಟೂಲು ನನ್ನದು.
ಪುಟಕ್ಕೆ ನಲವತ್ತು, ಅರ್ಜೆಂಟಿಗೆ ಅರವತ್ತು.
'ಮೇಲೆ ಹೇಳಿದ್ದೆಲ್ಲ ನನ್ನ ಅರಿವಿಗೆ ಬಂದಂತೆ ಸತ್ಯ',
ಈ ಸಾಲಿಗೆ ನನ್ನ ಬೆರಳು
ಕಣ್ಣಿನ ಅಪ್ಪಣೆ ಕೇಳುವುದಿಲ್ಲ.

ಶನಿವಾರ ಅಯ್ಯನವರು ಫೋನು ಮಾಡಿ
'ನಾಳೆ ಕೀರ್ತನೆ ಓದುವ ಸರದಿ ನಿಮ್ಮದು, ಐವತ್ತನೆಯದು' ಅಂದರು.
ನನ್ನ ಉಚ್ಚಾರ ಸ್ಪಷ್ಟವಂತೆ,
ಹಿಂದಿನ ಬೆಂಚಿನ ಕಿವುಡಜ್ಜಿಗೂ ಮುಟ್ಟುತ್ತದಂತೆ.
ಹಿಗ್ಗಿದೆ. ಇಸ್ತ್ರಿಗೆ ಕೊಟ್ಟ ಕೆನೆಬಣ್ಣದ ಸೀರೆ ತಂದೆ.

ರಾತ್ರಿ, ಮಿಕ್ಸಿಯ ಪಕ್ಕ ಸತ್ಯವೇದವಿಟ್ಟು
ಗಟ್ಟಿಯಾಗಿ ಓದಿ ನೋಡಿದೆ.
ಚೆನ್ನಾಗಿಯೇ ಇತ್ತು ಶುರು:
ಆಕಾಶಕ್ಕೂ ಭೂಮಿಗೂ ಸಮನ್ಸು ಹೋಗಿದೆ,
ನ್ಯಾಯಾಧೀಶ ಬರುತ್ತಿದ್ದಾನೆ, ಮುಂದೆ ಬೆಂಕಿ.
ಕೋರ್ಟಿನವಳಿಗೆ ಇದೆಲ್ಲ ಮನೆಮಾತು.
ಹೋರಿ ಹೋತಗಳ ಹಂಗಿಲ್ಲ ಅವನಿಗೆ,
ಗುಡ್ಡದ ಹಕ್ಕಿಗಳ ಲೆಕ್ಕವೂ ಅವನ ಬಳಿಯೇ;
ಹಸಿವಾದರೆ ನಮ್ಮ ಹತ್ತಿರ ಬಾಯಿಬಿಡುವವನಲ್ಲ.

ಇಪ್ಪತ್ತನೆಯ ವಚನಕ್ಕೆ ಬಂದಾಗ
ಕುಕ್ಕರು ಕೂಗಿತು. ನೆಪ ಸಿಕ್ಕಿತು.
ಆರಿಸಿ ಬಂದರೆ ಅಲ್ಲೇ ಇತ್ತು,
ಒಡಹುಟ್ಟಿದವನ ಮೇಲೆ ಚಾಡಿ ಹೇಳಲು
ಕೂತವರ ಮಾತು.
ಕೂತು ಎಂದೇ ಇದೆ. ನಿಂತಲ್ಲ, ನಡೆಯುತ್ತಲ್ಲ.
ಸ್ಟೂಲಿನ ಮೇಲೆ ಅಂತ ಬರೆದಿಲ್ಲ, ಅಷ್ಟೇ.

ಆಮೋಸ ನನ್ನ ತಮ್ಮ.
ಲಿಂಗರಾಜಪುರದ ಒಂದೂವರೆ ಕೋಣೆ ಮನೆಗಾಗಿ
ಮಾರ್ಚಿನಲ್ಲಿ ನಾನೇ ಹೊಡೆದಿದ್ದೆ, ಬೇರೆ ಯಾರಿಗೂ ಕೊಡದೆ,
ಪ್ಯಾರಾ ಏಳು: 'ಪ್ರತಿವಾದಿಯು ತಾಯಿ ದೀನಮ್ಮನವರ
ಕೊನೆಗಾಲದಲ್ಲಿ ಯಾವ ಆರೈಕೆಯನ್ನೂ ಮಾಡಿರುವುದಿಲ್ಲ.'
ಕಾಗುಣಿತ ತಪ್ಪಿರಲಿಲ್ಲ ಒಂದೂ.

ಬೌರಿಂಗ್ ಆಸ್ಪತ್ರೆಯ ಲಿಫ್ಟು ಕೆಟ್ಟ ದಿನ
ಅಮ್ಮನನ್ನು ಬೆನ್ನ ಮೇಲೆ ಹೊತ್ತು
ಮೆಟ್ಟಿಲು ಹತ್ತಿದವನು ಯಾರು?
ಅವಳ ಚಪ್ಪಲಿ ಹಿಡಿದು ಹಿಂದೆ ಹತ್ತಿದವಳು ನಾನು.
ಕಕ್ಕಿದ ಗಂಜಿ ಅವನ ಅಂಗಿಯಿಂದ ಇಳಿಯುತ್ತಿತ್ತು.
'ಬಿಡಕ್ಕ, ಒಗೆದರೆ ಹೋಗುತ್ತೆ' ಅಂದಿದ್ದ.

ಆಮೇಲೆ ಪ್ರೆಸ್ಸಿನ ಕೆಲಸ ಹೋಯಿತಂತೆ.
ಎರಡು ತಿಂಗಳು ಮಧ್ಯಾಹ್ನ ಬರೀ ಟೀ, ಬನ್ನು.
ಬೇರೆಯವರಿಂದ ತಿಳಿಯಿತು.
ಹಸಿವಾದರೆ ಅವನೂ
ನನ್ನ ಹತ್ತಿರ ಬಾಯಿಬಿಡಲಿಲ್ಲ.

ಭಾನುವಾರ ಕಾಣಿಕೆ ಚೀಲಕ್ಕೆಂದು
ಐನೂರರ ನೋಟು ಮಡಿಚಿಟ್ಟುಕೊಂಡೆ,
ಮಾಮೂಲಿಗಿಂತ ನಾಲ್ಕುನೂರು ಹೆಚ್ಚು.
ಅದಕ್ಕೆ ಕೋರ್ಟಿನಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತು.

ಹತ್ತೊಂಬತ್ತರವರೆಗೆ ಉಚ್ಚಾರ ಸ್ಪಷ್ಟವಿತ್ತು.
ಆಮೇಲೆ ಫ್ಯಾನಿನ ಸದ್ದು.
ಸಭೆ ಕೆಮ್ಮಿತು. ಕಿವುಡಜ್ಜಿ ಪಕ್ಕದವಳನ್ನು
'ಮುಗಿಯಿತಾ?' ಎಂದು ಕೇಳಿದ್ದು ನನಗೂ ಕೇಳಿಸಿತು.
ಇಲ್ಲ. ಮುಂದಿನ ವಚನದಲ್ಲಿ ಅವನ ಮಾತಿದೆ:
ಇಷ್ಟು ದಿನ ನಾನು ಸುಮ್ಮನಿದ್ದೆ,
ನೀನು ನನ್ನನ್ನೂ ನಿನ್ನಂಥವನೆಂದುಕೊಂಡೆ.
ಹೌದು ಸ್ವಾಮಿ, ಅಂದುಕೊಂಡಿದ್ದೆ.
ಪುಟಕ್ಕೆ ನಲವತ್ತು ಕೊಟ್ಟರೆ
ಹೇಳಿದ್ದನ್ನು ಬರೆದುಕೊಡುವವನು ಅಂತ.

ಓದಿದೆ. ಎಲ್ಲವನ್ನೂ. ಸಣ್ಣ ದನಿಯಲ್ಲಿ.
ಗಂಟಲು ಸರಿಯಿಲ್ಲವಾ ಎಂದು
ಅಯ್ಯನವರು ಶುಂಠಿ ಕಷಾಯ ಹೇಳಿದರು.

ಸೋಮವಾರ ಮಳೆಮರದ ಕೆಳಗೆ
ಮೊದಲ ಗಿರಾಕಿ ನಾನೇ.
ಪ್ಯಾರಾ ಏಳು ಸುಳ್ಳು ಎಂದು ಹೊಡೆಯುವಾಗ
ಬೆರಳು ಕಣ್ಣನ್ನು ಕೇಳಿ ಕೇಳಿ ಇಟ್ಟಿತು
ಒಂದೊಂದೇ ಅಕ್ಷರ.
ವಕೀಲರು ಹಣೆ ಚಚ್ಚಿಕೊಂಡರು:
'ಮನೆ ಹೋಗುತ್ತಮ್ಮ, ಮೇಲೆ ನಿಮ್ಮ ಮೇಲೇ ಕೇಸಾದೀತು.'
ಆದರಾಗಲಿ ಎನ್ನುವಷ್ಟು ಧೈರ್ಯ ನನಗೆಲ್ಲಿದೆ?
ಸಹಿ ಸೊಟ್ಟಗಾಯಿತು.

ಆಮೋಸನಿಗೆ ಫೋನು ಮಾಡಿದೆ.
ಊಟ ಆಯ್ತಾ ಅಂದೆ.
ಸ್ವಲ್ಪ ತಡೆದು 'ಆಯ್ತು' ಅಂದ.
ಅದು ನಿಜವೋ ಸುಳ್ಳೋ, ಪ್ರಮಾಣ ಮಾಡಿಸಲಿಲ್ಲ.
ಟೈಪ್‌ರೈಟರಿಗೆ ಮುಸುಕು ಹಾಕಿ
ಚಿತ್ರಾನ್ನದ ಡಬ್ಬಿ ಹಿಡಿದು
ಲಿಂಗರಾಜಪುರದ ಬಸ್ಸು ಹತ್ತಿದೆ.